ಅಪ್ಪನ ಹೆಸರಿನ ಕಾಲಂ ಖಾಲಿ ಇರಬಹುದೇ?



ನಾನು ವಕೀಲೆ ಅಲ್ಲ. ಪಲ್ಲಾವರಂನಲ್ಲಿ ನೋಟರಿಯೊಬ್ಬರ ಕಚೇರಿಯಲ್ಲಿ ಅಫಿಡವಿಟ್ ಟೈಪ್ ಮಾಡುತ್ತಲೇ ವರ್ಷಗಳನ್ನು ಕಳೆದವಳು. ನಮ್ಮವರೇ ಒಬ್ಬರು, ಮದುವೆಯಾಗದ ಮಗಳ ಹೆರಿಗೆಯ ಹೊತ್ತಿನಲ್ಲಿ ಮೆಲ್ಲಗೆ ಕೇಳಿದರು: "ಅಪ್ಪನ ಹೆಸರಿನ ಜಾಗದಲ್ಲಿ ನನ್ನ ತಮ್ಮನ ಹೆಸರು ಬರೆಸಿಬಿಡಲಾ?" ಖಂಡಿತ ಬೇಡ ಅಂದೆ. ಯಾಕೆ ಅನ್ನುವುದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಸುಳ್ಳು ಮಾಹಿತಿ ಕೊಡುವುದು 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಅಪರಾಧ. ಅದಕ್ಕಿಂತ ದೊಡ್ಡ ತೊಂದರೆ, ಒಮ್ಮೆ ಹತ್ತಿದ ಹೆಸರನ್ನು ಇಳಿಸುವುದು. ತಿರುಚ್ಚಿಯ ಒಬ್ಬ ತಾಯಿ ದಾನಿಯ ವೀರ್ಯದಿಂದ ಮಗು ಪಡೆದರು. ತಂದೆಯೇ ಅಲ್ಲದ ಒಬ್ಬರ ಹೆಸರು ಪ್ರಮಾಣಪತ್ರದಲ್ಲಿ ಸೇರಿಹೋಯಿತು. ಅದನ್ನು ತೆಗೆಸಲು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದವರೆಗೆ ಹೋಗಬೇಕಾಯಿತು. 2018ರಲ್ಲಿ ಕೋರ್ಟು ಆ ಹೆಸರು ತೆಗೆದು ಜಾಗ ಖಾಲಿ ಬಿಡಿ ಎಂದಿತು. ಮೊದಲೇ ಖಾಲಿ ಬಿಟ್ಟಿದ್ದರೆ ಇಷ್ಟು ಅಲೆದಾಟವೇ ಇರುತ್ತಿರಲಿಲ್ಲ.

ಖಾಲಿ ಬಿಡಬಹುದು ಎಂದು ಸುಪ್ರೀಂ ಕೋರ್ಟು 2015ರ ಜುಲೈ 6ರಂದೇ ಹೇಳಿದೆ. ದೆಹಲಿಯ ಅವಿವಾಹಿತ ತಾಯಿಯೊಬ್ಬರು ಉಳಿತಾಯ, ವಿಮೆಗೆ ಮಗನನ್ನು ನಾಮಿನಿ ಮಾಡಲು ಹೋದಾಗ ತಂದೆಯ ಹೆಸರು ಕೇಳಿದರು. ಕೆಳಗಿನ ಕೋರ್ಟುಗಳೂ ತಂದೆಗೆ ನೋಟಿಸ್ ಕೊಡಲೇಬೇಕು ಎಂದವು. ಸುಪ್ರೀಂ ಕೋರ್ಟು ಬೇಕಿಲ್ಲ ಎಂದಿತು. ಆ ಮಗುವಿಗೆ ಹತ್ತಿರ ಹತ್ತಿರ ಐದು ವರ್ಷವಾಗಿದ್ದರೂ ಜನನ ಪ್ರಮಾಣಪತ್ರವೇ ಇರಲಿಲ್ಲ ನೋಡಿ! ಅವಿವಾಹಿತ ತಾಯಿ ಅರ್ಜಿ ಹಾಕಿದರೆ, ಮಗು ತನ್ನದು ಎಂದು ಅಫಿಡವಿಟ್ ಕೊಟ್ಟರೆ ಸಾಕು, ಪ್ರಮಾಣಪತ್ರ ಕೊಡಬೇಕು ಎಂದು ಅಂದೇ ಆದೇಶವಾಯಿತು. 2023ರ ತಿದ್ದುಪಡಿಯಲ್ಲಿ, ಮಾಹಿತಿ ಕೊಡುವವರ ಪಟ್ಟಿಯಲ್ಲೇ ಅವಿವಾಹಿತ ತಾಯಿಯನ್ನು ಹೆಸರಿಸಿದ್ದಾರೆ.

ಆ ತಿದ್ದುಪಡಿಯ ಇನ್ನೊಂದು ಮಾತು ಮುಖ್ಯ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನಕ್ಕೆ ಈ ಕಾಗದವೇ ಆಧಾರ. ನಾಚಿಕೆಗೆ, ನೆಂಟರ ಭಯಕ್ಕೆ ಬಚ್ಚಿಟ್ಟರೆ ಕಷ್ಟ ಮಗುವಿಗೆ. 21 ದಿನದೊಳಗೆ ಬರೆಸಿ. 30 ದಿನದವರೆಗೆ ತಡ ಶುಲ್ಕ, ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ನಾಮಕರಣ ಆಗಲಿ ಎಂದು ಕಾಯಬೇಡಿ, ಹೆಸರನ್ನು ಆಮೇಲೂ ಸೇರಿಸಬಹುದು.

ಹೆರಿಗೆ ಆದ ಊರಿನಲ್ಲೇ ನೋಂದಣಿ. ಪಲ್ಲಾವರಂ, ಪಮ್ಮಲ್ ಎಲ್ಲ 2021ರಿಂದ ತಾಂಬರಂ ಮಹಾನಗರ ಪಾಲಿಕೆಗೆ ಸೇರಿವೆ. ಎಗ್ಮೋರಿನಲ್ಲಿ ಹೆತ್ತರೆ ಚೆನ್ನೈ ಪಾಲಿಕೆ, ಹಾಸನದ ತವರಿನಲ್ಲಿ ಹೆತ್ತರೆ ಅಲ್ಲಿಯದು. ಆಸ್ಪತ್ರೆಯವರೇ ವರದಿ ಕಳಿಸುವುದರಿಂದ, ಅವರು ಫಾರಂ ತುಂಬುವಾಗ ಎದುರಿಗಿದ್ದು ಓದಿ ನೋಡಿ. ಅದರಲ್ಲಿ ತಾಯಿಗೆ ಮದುವೆಯಾದಾಗಿನ ವಯಸ್ಸು ಎಂದೊಂದು ಪ್ರಶ್ನೆ ಇದೆ, ಗಾಬರಿ ಬೇಡ. ಅದು ಅಂಕಿಅಂಶಕ್ಕೆ, ಪ್ರಮಾಣಪತ್ರದಲ್ಲಿ ಅಚ್ಚಾಗುವುದಿಲ್ಲ.

ಮದುವೆಯಾಗದೆ ಜೊತೆಗಿರುವವರು ಇಬ್ಬರ ಹೆಸರೂ ಬರೆಸಬೇಕೆಂದರೆ? ಮದುವೆ ಪ್ರಮಾಣಪತ್ರ ತನ್ನಿ ಎಂದು ಈ ಕಾಯ್ದೆ ಎಲ್ಲೂ ಹೇಳಿಲ್ಲ. ತಂದೆ ತಾನೇ ಬಂದು ಒಪ್ಪಿ ಸಹಿ ಹಾಕಿದರೆ ಮುಂದೆ ತಕರಾರು ಕಡಿಮೆ.

ಕಾಲಂ ಖಾಲಿ ಬಿಟ್ಟ ಮಾತ್ರಕ್ಕೆ ಅಪ್ಪನ ಹೊಣೆ ತಪ್ಪುವುದಿಲ್ಲ. ತಂದೆ ಎಂದು ಸಾಬೀತಾದರೆ ಜೀವನಾಂಶ ಕೊಡಲೇಬೇಕು. ಹಿಂದೂಗಳಲ್ಲಿ 1956ರ ಕಾಯ್ದೆಯ ಪ್ರಕಾರ ಇಂಥ ಮಗುವಿಗೆ ಸಹಜ ಪಾಲಕಿ ಮೊದಲು ತಾಯಿ, ಅವಳ ನಂತರವೇ ತಂದೆ. ತಾಯಿಯ ಆಸ್ತಿಯಲ್ಲಿ ಹಕ್ಕಿದೆ. ತಂದೆಯ ಆಸ್ತಿಯ ವಿಚಾರ ತೊಡಕಿನದು, ವಕೀಲರನ್ನೇ ಕೇಳಿ. ಕೊಡುವ ಮನಸ್ಸಿರುವ ತಂದೆ ವಿಲ್ ಬರೆದಿಡಲಿ.

ಇನ್ನು ಇನಿಷಿಯಲ್. ತಮಿಳುನಾಡಿನಲ್ಲಿ ಅಪ್ಪನ ಅಕ್ಷರವಿಲ್ಲದೆ ಹೆಸರು ಪೂರ್ತಿಯಾದಂತೆ ಯಾರಿಗೂ ಅನಿಸುವುದಿಲ್ಲ. ನಮ್ಮ ಕಡೆ ಊರಿನ ಹೆಸರೇ ಇನಿಷಿಯಲ್ ಆಗುತ್ತದಲ್ಲ, ಅಮ್ಮನ ಹೆಸರು ಯಾಕಾಗಬಾರದು?

ಅಫಿಡವಿಟ್‌ನ ನಮೂನೆ ತಂದಿದ್ದೇನೆ. ಬೇಕಾದವರು ಊಟದ ಹೊತ್ತಿಗೆ ಬಂದು ತೆಗೆದುಕೊಳ್ಳಿ. ಯಾರಿಗಾಗಿ ಎಂದು ಕೇಳುವುದಿಲ್ಲ.