ಹೊಳೆಯ ಮನೆ ಎಷ್ಟು ದೊಡ್ಡದು?

(ಹರಿಹರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ತುಂಗಭದ್ರೆಯ ದಂಡೆಯಲ್ಲೇ ಬಾಳುವ ನಿಮ್ಮ ಮುಂದೆ ತುಂಗಭದ್ರೆಯ ಮಾತು ಏಕೆಂದು ನೀವು ಕೇಳಬಹುದು. ಆದರೆ ನಾವು ದಿನವೂ ನೋಡುವುದು ಸೇತುವೆಯ ಕೆಳಗಿನ ಹೊಳೆಯನ್ನು ಮಾತ್ರ. ಅದರ ಮನೆ ಎಷ್ಟು ದೊಡ್ಡದು, ಆ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂಬುದನ್ನು ನಾವು ವಿಚಾರಿಸಿಲ್ಲ.

ಹೆಂಚಿನ ಮನೆಯ ನೆತ್ತಿಯನ್ನು ನೆನೆಯಿರಿ. ಅದರ ಮೇಲೆ ಬಿದ್ದ ಮಳೆ ಎರಡು ಪಾಲಾಗಿ ಎರಡು ಕಡೆಗೆ ಇಳಿಯುತ್ತದೆ. ಪಶ್ಚಿಮ ಘಟ್ಟವೂ ಹಾಗೆಯೇ. ಕುದುರೆಮುಖದ ಬೆಟ್ಟಸಾಲಿನ ಒಂದು ಮಗ್ಗುಲಿಗೆ ಬಿದ್ದ ನೀರು ನೇತ್ರಾವತಿಯಾಗಿ ಮಂಗಳೂರಿನ ಬಳಿ ಪಡುಗಡಲು ಸೇರುತ್ತದೆ. ಅದೇ ಸಾಲಿನ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ, ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹೊರಡುತ್ತವೆ. ಶಿವಮೊಗ್ಗದ ಆಚೆ ಕೂಡ್ಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ 531 ಕಿಲೋಮೀಟರು ಹರಿದು ಕರ್ನೂಲಿನ ಆಚೆ ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ.

ಮಳೆನೀರು ಒಂದೇ ಹೊಳೆಗೆ ಇಳಿದು ಬರುವ ನೆಲವನ್ನೆಲ್ಲ ಸೇರಿಸಿ ಜಲಾನಯನ ಪ್ರದೇಶ ಎನ್ನುತ್ತಾರೆ. ಸೂಳೆಕೆರೆಯಿಂದ ಬಂದು ನಮ್ಮ ಊರಿನಲ್ಲೇ ಕೂಡುವ ಹರಿದ್ರೆ ಈ ಮನೆಯವಳೇ. ಸಾಗರದ ಇಕ್ಕೇರಿಯ ಬಳಿ ಹುಟ್ಟುವ ವರದೆಯೂ, ಬಾಬಾಬುಡನ್ ಗಿರಿಯಿಂದ ಇಳಿದು ಚಿತ್ರದುರ್ಗ, ಬಳ್ಳಾರಿಗಳನ್ನು ಹಾದು ಬರುವ ವೇದಾವತಿಯೂ ಇದೇ ಮನೆಯವರು. ಈ ಮನೆಯ ಎಲ್ಲೆಯನ್ನು ಬೆಟ್ಟದ ನೆತ್ತಿ ಗೊತ್ತುಮಾಡಿದೆಯೇ ಹೊರತು ತಾಲ್ಲೂಕು ಕಚೇರಿಯ ನಕ್ಷೆಯಲ್ಲ.

ಮನೆ ಒಂದೇ ಆದರೂ ಮಳೆ ಸಮನಾಗಿ ಬೀಳುವುದಿಲ್ಲ. ತುಂಗೆಯ ಮೇಲ್ಸೀಮೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಬಳ್ಳಾರಿ ಸೀಮೆಯಲ್ಲಿ 500ರ ಆಸುಪಾಸು. ಬಳ್ಳಾರಿ, ರಾಯಚೂರಿನ ಗದ್ದೆ ಹಸಿರಾಗುವುದು ಮಲೆನಾಡಿನ ಮಳೆಯಿಂದ. ಆ ಮಳೆಯನ್ನು ಒಮ್ಮೆಗೇ ಹರಿಯಗೊಡದೆ ಹೀರಿಟ್ಟುಕೊಂಡು, ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುವವು ಘಟ್ಟದ ಶೋಲಾ ಕಾಡು ಮತ್ತು ಹುಲ್ಲುಗಾವಲು. ಅವು ಕೂಲಿ ಕೇಳದ ಕೆಲಸಗಾರರು. ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ನಿಂತಿತು. ಅಲ್ಲಿ ಕೆಲಸ ಕಳೆದುಕೊಂಡವರ ಅನ್ನದ ಪ್ರಶ್ನೆಯೂ ನಮ್ಮದೇ. ಆದರೆ ನೆತ್ತಿಯ ಹೆಂಚು ಕಿತ್ತರೆ ಕೆಳಗಿರುವ ಎಲ್ಲರ ಅನ್ನಕ್ಕೂ ಕೊರತೆ ಬರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ವರ್ತಕ ಮಿತ್ರರಿಗೆ ಇದು ಬೇಗ ತಿಳಿದೀತು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಲ್ಲಿಸಿದಾಗ ಅದು 133 ಟಿಎಂಸಿ ಹಿಡಿಯುತ್ತಿತ್ತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈಗ ಹಿಡಿಯುವುದು 106ಕ್ಕೂ ಕೊಂಚ ಕಡಿಮೆ. ಉಳಿದ 27 ಟಿಎಂಸಿಯ ಜಾಗವನ್ನು ಹೂಳು ತಿಂದಿದೆ. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಇಡಿಯಾಗಿ ತುಂಬಿದರೂ 30 ಟಿಎಂಸಿ ಮಾತ್ರ. ಹೆಚ್ಚುಕಡಿಮೆ ಅಂಥದೊಂದು ಸಾಗರವೇ ಮಣ್ಣಿನಲ್ಲಿ ಮುಚ್ಚಿಹೋಯಿತೆನ್ನಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಾಡೆಲ್ಲ ಗಾಬರಿಯಾಯಿತು. ಆದರೆ ಹೂಳು ಸದ್ದಿಲ್ಲದ ಕಳ್ಳ. ಅದು ಕದ್ದ ದಿನ ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

ಈ ಹೂಳು ಎಲ್ಲಿಂದ ಬಂತು? ಬೋಳಾದ ಗುಡ್ಡದಿಂದ, ಒಡ್ಡಿಲ್ಲದ ಹೊಲದಿಂದ, ಮಣ್ಣನ್ನು ತಡೆದು ನಿಲ್ಲಿಸುತ್ತಿದ್ದ ಊರ ಕೆರೆಗಳು ಒಡೆದುಹೋದ ಕಡೆಯಿಂದ. ನಷ್ಟ ಯಾರಿಗೆ? ಮೊದಲು ಕಾಲುವೆಯ ಕೊನೆಯ ರೈತನಿಗೆ. ಎರಡನೆಯ ಬೆಳೆಗೆ ನೀರಿಲ್ಲವೆಂದ ವರ್ಷ ಭತ್ತ ಬರುವುದಿಲ್ಲ, ಅಕ್ಕಿ ಗಿರಣಿ ನಿಲ್ಲುತ್ತದೆ, ಹಮಾಲನಿಗೆ ಕೂಲಿಯಿಲ್ಲ, ಅಂಗಡಿಯ ಉದ್ರಿ ಪುಸ್ತಕ ಮಾತ್ರ ದಪ್ಪವಾಗುತ್ತದೆ. ನೀರು ನಿಂತ ಸುದ್ದಿ ನಿಮ್ಮ ಗಲ್ಲಾಪೆಟ್ಟಿಗೆಗೆ ಮುಟ್ಟಲು ಬಹಳ ದಿನ ಬೇಕಿಲ್ಲ.

1951ರ ಕಾಗೋಡು ಸತ್ಯಾಗ್ರಹದಲ್ಲಿ ಸಮಾಜವಾದಿಗಳು ಗೇಣಿದಾರನ ಜೊತೆ ನಿಂತು ನೆಲ ಯಾರದೆಂದು ಕೇಳಿದರು. ನೀರು ಯಾರದೆಂದು ನಾವು ಈಗ ಕೇಳಬೇಕಾಗಿದೆ. ಮೇಲಿನವರು ಮೊದಲು ಹಿಡಿದರು, ಹಣವಂತರು ದೊಡ್ಡ ಪಂಪು ಇಟ್ಟರು ಎಂಬ ಕಾರಣಕ್ಕೆ ಹೊಳೆ ಅವರದಾಗದು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಘಟ್ಟದ ಕಾಡಿಗೆ ಕೈಹಾಕುವ ಮುನ್ನ ಕೆಳಗಿನ ಜಿಲ್ಲೆಗಳ ಜನರ ಮಾತನ್ನೂ ಕೇಳಬೇಕು. ಪ್ರತಿ ಊರಿನ ಕೆರೆಯ ಹೂಳೆತ್ತಿ, ಆ ಕೆಲಸವನ್ನು ಊರ ಕೂಲಿಕಾರರಿಗೇ ಕೊಡಬೇಕು. ಗಿರಣಿ, ಕಾರ್ಖಾನೆ, ಪಟ್ಟಣಗಳು ಹೊಳೆಗೆ ಏನು ಬಿಡುತ್ತಿವೆ ಎಂಬುದನ್ನು ತಿಂಗಳು ತಿಂಗಳೂ ಪರೀಕ್ಷಿಸಿ, ಫಲವನ್ನು ಕನ್ನಡದಲ್ಲಿ ಊರ ಚಾವಡಿಗೆ ಅಂಟಿಸಬೇಕು.

ಇದು ಒಂದು ಊರಿನಿಂದ ಆಗುವ ಕೆಲಸವಲ್ಲ. ಶೃಂಗೇರಿಯ ಅಡಿಕೆ ತೋಟದ ಆಳು, ಹರಿಹರದ ಗಿರಣಿಯಾಳು, ರಾಯಚೂರಿನ ರೈತ, ಮೂವರೂ ಒಂದೇ ಮನೆಯವರೆಂದು ತಿಳಿದ ದಿನ ಅದು ಆದೀತು. ಆ ಮಾತನ್ನು ಇಂದು ನಿಮ್ಮ ನಿಮ್ಮ ಕೇರಿಗೆ ಒಯ್ಯಿರಿ.