ಬಾಡಿಯಲ್ಲಿದ್ದ ಸಾಮಾನು ಹೋಯಿತು, ಸಾಲದ ಕಂತು ಉಳಿಯಿತು

(ತಾಲೂಕು ರೈತರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಬೆಲೆಯ ವಿಷಯ, ಬಡ್ಡಿಯ ವಿಷಯ ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಒಂದು ಸಣ್ಣ ವಿಷಯ ಎತ್ತಿಕೊಂಡು ಬಂದಿದ್ದೇನೆ. ಸಣ್ಣದು ಅಂತ ಪೇಪರಿನವರು ಬರೆಯೋದಿಲ್ಲ, ಸಣ್ಣದು ಅಂತ ಠಾಣೆಯಲ್ಲಿ ಕೇಳೋದಿಲ್ಲ, ಸಣ್ಣದು ಅಂತ ನಾವೂ ಸುಮ್ಮನಾಗಿಬಿಡುತ್ತೇವೆ. ನಮ್ಮ ಪಿಕಪ್ ಗಾಡಿಯಿಂದ ರಾತ್ರೋರಾತ್ರಿ ಮಾಯವಾಗುವ ಟಾರ್ಪಾಲು, ಹಗ್ಗ, ಸ್ಟೆಪ್ನಿ, ಜಾಕು, ಬ್ಯಾಟರಿ, ಟೂಲ್ ಬಾಕ್ಸು, ಖಾಲಿ ಕ್ರೇಟು, ಇವುಗಳ ವಿಷಯ.

2023ರ ಜುಲೈ ನಿಮಗೆ ನೆನಪಿರಬೇಕು. ಟೊಮೆಟೊ ಬೆಲೆ ಮುಗಿಲು ಮುಟ್ಟಿತ್ತು. ಹಿರಿಯೂರು ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಹೊರಟ ಟೊಮೆಟೊ ಗಾಡಿಯನ್ನು ಬೆಂಗಳೂರಿನಲ್ಲಿ ಅಡ್ಡಹಾಕಿ ಒಯ್ದರು. ದೇಶಕ್ಕೆಲ್ಲ ಸುದ್ದಿಯಾಯಿತು, ಪೊಲೀಸರೂ ಓಡಾಡಿ ಆರೋಪಿಗಳನ್ನು ಹಿಡಿದರು. ಗಾಡಿಗೆ ಗಾಡಿಯೇ ಹೋದರೆ ಸುದ್ದಿ. ಆದರೆ ಮಂಡಿಯ ಮುಂದೆ ಹರಾಜಿಗೆ ಕಾದು ಮಲಗಿದವನ ಟಾರ್ಪಾಲು ಹೋದರೆ, ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿ ನಿಂತವನ ಬ್ಯಾಟರಿ ಹೋದರೆ, ಯಾರಿಗೆ ಬೇಕು ಆ ಸುದ್ದಿ?

ಒಂದು ಲೆಕ್ಕ ಹಾಕೋಣ. ಬ್ಯಾಟರಿ, ಸ್ಟೆಪ್ನಿ, ಟಾರ್ಪಾಲು ಸೇರಿ 15,000 ರೂಪಾಯಿ ಅಂತ ಇಟ್ಟುಕೊಳ್ಳಿ. ಬ್ಯಾಟರಿ ಇಲ್ಲದೆ ಗಾಡಿ ಹೊರಡೋದಿಲ್ಲ. ಗಾಡಿ ಹೊರಡದಿದ್ದರೆ ಹೊಲದ ಮಾಲು ಕೊಳೆಯುತ್ತದೆ. ಕೈಯಲ್ಲಿ ದುಡ್ಡಿಲ್ಲ, ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತರುತ್ತೀರಿ. ತಿಂಗಳಿಗೆ 450, ವರ್ಷಕ್ಕೆ 5,400 ರೂಪಾಯಿ ಬರೀ ಬಡ್ಡಿ. ಅಸಲು ಹಾಗೇ ನಿಂತಿರುತ್ತದೆ. ಇತ್ತ ಗಾಡಿಯ ಸಾಲದ ಕಂತು ತಿಂಗಳು ಬಂದ ಕೂಡಲೇ ಬಾಗಿಲಲ್ಲಿ ನಿಲ್ಲುತ್ತದೆ. ಕಳ್ಳ ಒಂದು ರಾತ್ರಿ ಬಂದು ಹೋದ, ಬಡ್ಡಿ ವರ್ಷಗಟ್ಟಲೆ ಮನೆಯಲ್ಲಿ ಉಳಿಯಿತು. ಆದ್ದರಿಂದ ಇದು ಸಾಲದ ವಿಷಯವೇ ಸ್ವಾಮಿ, ಬೇರೆ ವಿಷಯವಲ್ಲ.

"ಇನ್ಶೂರೆನ್ಸ್ ಕಟ್ಟಿದ್ದೀನಲ್ಲ" ಅಂತ ಕೆಲವರು ಧೈರ್ಯವಾಗಿದ್ದಾರೆ. ಮನೆಗೆ ಹೋಗಿ ಪಾಲಿಸಿಯ ಕಾಗದ ಬಿಚ್ಚಿ ಓದಿ. ಸಾಮಾನು ಸಾಗಿಸುವ ಗಾಡಿಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಗಾಡಿಯ ಜತೆಗೇ ಹೋದರೆ ಮಾತ್ರ ಬಿಡಿ ಸಲಕರಣೆಗಳ ಕಳವಿಗೆ ಪರಿಹಾರ, ಗಾಡಿ ನಿಂತಲ್ಲೇ ನಿಂತು ಸಲಕರಣೆ ಮಾತ್ರ ಹೋದರೆ ಪರಿಹಾರವಿಲ್ಲ. ಮೂರನೆಯವರ ವಿಮೆಯನ್ನಷ್ಟೇ ಕಟ್ಟಿದವರಿಗಂತೂ ಗಾಡಿಯೇ ಹೋದರೂ ಕಾಸು ಬರೋದಿಲ್ಲ. ಕಂತು ಕಟ್ಟಿಸಿಕೊಳ್ಳುವಾಗ ಈ ಸಾಲನ್ನು ಯಾರೂ ನಮಗೆ ಓದಿ ಹೇಳೋದಿಲ್ಲ. ಹೆಚ್ಚಿನ ಹಣಕ್ಕೆ ಬೇರೆ ರಕ್ಷಣೆ ಸಿಗುತ್ತದೆಯೇ ಅಂತ ಮುಂದಿನ ಸಲ ಕೇಳಿ. ಸಿಗುತ್ತದೆ ಅಂದರೆ ಬಾಯಿಮಾತಿನಲ್ಲಿ ನಂಬಬೇಡಿ, ಬರಹದಲ್ಲಿ ತೆಗೆದುಕೊಳ್ಳಿ.

ಇನ್ನು ಠಾಣೆಯ ಮಾತು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ನಮಗೆ ಸಂಬಂಧಪಟ್ಟ ಎರಡು ಕಲಮು ಇವೆ, ನೆನಪಿಟ್ಟುಕೊಳ್ಳಿ. 303ನೆಯದು ಸಾದಾ ಕಳ್ಳತನ. ಅಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ. ಹಾಗಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಕ್ಕೆ ಕೊಟ್ಟರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ, ಅಷ್ಟೆ. "ಒಂದು ಟಾರ್ಪಾಲಿಗೆಲ್ಲ ಕೇಸು ಯಾಕ್ರೀ" ಅನ್ನೋರಿಗೆ ಇದು ಒಳ್ಳೆ ನೆಪ.

ಆದರೆ 305ನೆಯ ಕಲಮು ಬೇರೆ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದಿಂದ ಯಾವುದೇ ವಸ್ತು ಕದ್ದರೆ ಏಳು ವರ್ಷದವರೆಗೆ ಜೈಲು, ಮೇಲೆ ದಂಡ. ಸಾಮಾನು ಇಡುವ ಕಟ್ಟಡದಿಂದ ಕದ್ದರೂ ಇದೇ ಕಲಮು. ಇದು ಸಂಜ್ಞೇಯ, ಜಾಮೀನು ಹಕ್ಕಾಗಿ ಸಿಗದ ಅಪರಾಧ. ಇಲ್ಲಿ 5,000 ರೂಪಾಯಿಯ ಗೆರೆ ಇಲ್ಲ. ಆದ್ದರಿಂದ ದೂರು ಬರೆಯುವಾಗ "ನನ್ನ ಟಾರ್ಪಾಲು ಕಳುವಾಗಿದೆ" ಅಂತ ಒಂದು ಸಾಲು ಬರೆದು ಬರಬೇಡಿ. "ಸರಕು ಸಾಗಿಸುವ ನನ್ನ ಇಂಥ ನಂಬರಿನ ವಾಹನದಿಂದ, ಇಂಥ ಜಾಗದಲ್ಲಿ, ಇಂಥ ರಾತ್ರಿ, ಇಂತಿಂಥ ವಸ್ತು, ಇಷ್ಟಿಷ್ಟು ಬೆಲೆಯದು" ಅಂತ ಬಿಡಿಬಿಡಿಯಾಗಿ ಬರೆದು, 305ರಲ್ಲಿ ದಾಖಲಿಸಿ ಅಂತ ಕೇಳಿ. ಎಫ್‌ಐಆರ್ ಪ್ರತಿ ಪುಕ್ಕಟೆಯಾಗಿ ಕೊಡಬೇಕು, ಅದು ನಿಮ್ಮ ಹಕ್ಕು. ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರನ್ನು ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕುವ ದಾರಿ ಇದೆ.

ಮಾಲು ಸಿಕ್ಕಿದರೂ "ಇದು ನಿನ್ನದೇ ಅನ್ನೋಕೆ ಗುರುತೇನು?" ಅಂತ ಕೇಳುತ್ತಾರೆ. ಅಲ್ಲಿ ನಾವು ಸೋಲುತ್ತೇವೆ. ನೀಲಿ ಟಾರ್ಪಾಲು ಊರಿಗೆ ನೂರು ಇವೆ. ಅದಕ್ಕೆ ಮೊದಲು ಗುರುತು ಹಾಕಿ. ಟಾರ್ಪಾಲಿನ ನಟ್ಟನಡುವೆ ಮೊಳದುದ್ದದ ಅಕ್ಷರದಲ್ಲಿ ಊರಿನ ಹೆಸರು, ಗಾಡಿ ನಂಬರು ಪೇಂಟ್ ಮಾಡಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ಬಿಸಾಡುತ್ತಾರೆ. ಪ್ಲಾಸ್ಟಿಕ್ ಕ್ರೇಟಿಗೆ ಕಾದ ಕಬ್ಬಿಣದಿಂದ ಬರೆ ಎಳೆಯಿರಿ. ಹಸುವಿಗೆ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ. ಜಾಕು, ಟೂಲ್ ಬಾಕ್ಸಿನ ಮೇಲೆ ಪಂಚಿನಿಂದ ನಂಬರು ಹೊಡೆಸಿ. ಬ್ಯಾಟರಿ, ಟೈರಿನ ಮೇಲೆ ಕಂಪನಿ ಹಾಕಿದ ನಂಬರೇ ಇರುತ್ತದೆ, ಅದನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಬಿಲ್ಲು ಇಲ್ಲದೆ ಯಾವುದನ್ನೂ ಕೊಳ್ಳಬೇಡಿ. ಬಿಲ್ಲಿನ ಅಕ್ಷರ ವರ್ಷದೊಳಗೆ ಅಳಿಸಿಹೋಗುತ್ತದೆ, ಫೋನಿನಲ್ಲಿ ಫೋಟೋ ಹಿಡಿದುಕೊಳ್ಳಿ.

ಆಮೇಲೆ ಬೀಗ. ಸ್ಟೆಪ್ನಿಯ ರಿಮ್ಮಿನ ತೂತಿನಿಂದ ದಪ್ಪ ಸರಪಳಿ ತೂರಿಸಿ ಚಾಸಿಗೆ ಬಿಗಿದು ಬೀಗ ಹಾಕಿ. ಬ್ಯಾಟರಿಗೆ ಆಂಗಲ್ ಪಟ್ಟಿಯ ಚೌಕಟ್ಟು ಮಾಡಿಸಿ ಅದಕ್ಕೂ ಬೀಗ ಇರಲಿ. ಗಾಡಿಯಲ್ಲಿ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿ ಬಿಚ್ಚಿ ದೂರ ಇಡಿ, ಅದರ ಗ್ಯಾಸಿಗೆ ಕಿಡಿ ತಗುಲಿದರೆ ಸಿಡಿಯುತ್ತದೆ. ಟೂಲ್ ಬಾಕ್ಸನ್ನು ಹೊರಗಿನಿಂದ ಬಿಚ್ಚಲಾಗದಂತೆ ಬೋಲ್ಟಿನ ನಟ್ಟು ಪೆಟ್ಟಿಗೆಯ ಒಳಗೆ ಬರುವ ಹಾಗೆ ಕೂರಿಸಿ. ರಾತ್ರಿ ಗಾಡಿ ನಿಲ್ಲಿಸುವಾಗ ಹಿಂದಿನ ಡೋರು ಗೋಡೆಗೆ ಒತ್ತಿಕೊಂಡಿರಲಿ, ಗೋಡೆಗಿಂತ ದೊಡ್ಡ ಬೀಗವಿಲ್ಲ. ಟಾರ್ಪಾಲು, ಹಗ್ಗ ಕೆಲಸ ಮುಗಿದ ಮೇಲೆ ಬಾಡಿಯಲ್ಲಿ ಬಿಡಬೇಡಿ, ಮನೆಯೊಳಗೆ ಹಾಕಿ. ಮಂಡಿಯಲ್ಲಿ ರಾತ್ರಿ ತಂಗುವುದಾದರೆ ಒಂದೇ ಊರಿನ ಗಾಡಿಗಳು ಒತ್ತಾಗಿ ನಿಲ್ಲಲಿ, ಸರದಿಯಂತೆ ಒಬ್ಬರು ಎದ್ದಿರಲಿ.

ಇನ್ನೊಂದು ಮಾತು, ಸ್ವಲ್ಪ ಕಹಿಯಾಗಿದೆ. ಕದ್ದ ಬ್ಯಾಟರಿಯನ್ನು ಕಳ್ಳ ಮನೆಯಲ್ಲಿ ಇಟ್ಟುಕೊಂಡು ಪೂಜೆ ಮಾಡೋದಿಲ್ಲ, ಮಾರುತ್ತಾನೆ. ಕೊಳ್ಳುವವರು ಯಾರು? ಗುಜರಿಯವನು ಕೊಳ್ಳುತ್ತಾನೆ ನಿಜ. ಆದರೆ ಅರ್ಧ ಬೆಲೆಗೆ ಸಿಕ್ಕಿತು ಅಂತ ಬಿಲ್ಲಿಲ್ಲದ ಜಾಕು, ಸ್ಟೆಪ್ನಿ ಕೊಂಡ ರೈತನೂ ಇದ್ದಾನೆ. ಪಕ್ಕದೂರಿನ ರೈತನ ಕಣ್ಣೀರು ಅದು. ಕಳವಿನ ಮಾಲು ಅಂತ ತಿಳಿದೋ, ತಿಳಿಯಲು ಕಾರಣವಿದ್ದೋ ಕೊಂಡವನಿಗೂ 317ನೆಯ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ನಾವು ಕೊಳ್ಳೋದು ನಿಲ್ಲಿಸಿದರೆ ಕಳ್ಳನ ಅರ್ಧ ಸಂತೆ ಅಲ್ಲೇ ಮುಚ್ಚುತ್ತದೆ.

ಎಲ್ಲ ಭಾರವೂ ರೈತನ ತಲೆಗೇ ಅಂತಲ್ಲ. ನಮ್ಮ ಮಾಲಿನ ವ್ಯಾಪಾರದಿಂದಲೇ ಮಾರುಕಟ್ಟೆ ಸಮಿತಿಗಳಿಗೆ ಶುಲ್ಕ ಬರುತ್ತದೆ. ರಾತ್ರಿಯೆಲ್ಲ ರೈತ ಕಾಯುವ ಪ್ರಾಂಗಣಕ್ಕೆ ದೀಪ, ಕಾವಲುಗಾರ, ಬರುವ ಹೋಗುವ ಗಾಡಿಯ ನಂಬರು ಬರೆಯುವ ಗೇಟು, ಇಷ್ಟನ್ನು ಕೊಡಲೇಬೇಕು. ಕಾರ್ಖಾನೆಯ ಕಬ್ಬಿನ ಸಾಲಿಗೂ ಇದೇ ಬೇಡಿಕೆ. ಕಾಯಿಸುವವರು ಅವರು, ಕಾಯುವ ಹೊಣೆಯೂ ಅವರದೇ.

1980ರ ದಶಕದಲ್ಲಿ ಸಾಲ ವಸೂಲಿಗೆ ಬಂದವರು ರೈತನ ಮನೆಯ ಸಾಮಾನು ಜಪ್ತಿ ಮಾಡಿದಾಗ, ನಮ್ಮ ಹಿರಿಯರು ಮರುಜಪ್ತಿ ಅಂತ ಗುಂಪಾಗಿ ಹೋಗಿ ಹೊತ್ತು ತಂದರು. ಅದು ಒಬ್ಬನ ಸಾಮಾನು ಅಂತ ಅವರು ಬಿಡಲಿಲ್ಲ. ಇವತ್ತೂ ಒಬ್ಬನ ಬ್ಯಾಟರಿ ಹೋದರೆ ಅವನೊಬ್ಬನೇ ಠಾಣೆಯ ಬೆಂಚಿನ ಮೇಲೆ ಕೂರಬಾರದು, ಹತ್ತು ಜನ ಜತೆಗೆ ಹೋಗಬೇಕು. ಮೊದಲ ಕೆಲಸ ಇಷ್ಟು: ಪ್ರತಿ ಊರಿನ ಘಟಕದವರು ಒಂದು ಡಬ್ಬ ಪೇಂಟು, ಒಂದು ನೋಟ್ ಬುಕ್ಕು ತನ್ನಿ. ಬರುವ ಭಾನುವಾರ ಊರಿನ ಗಾಡಿಗಳೆಲ್ಲ ಅರಳಿಕಟ್ಟೆಯ ಹತ್ತಿರ ಬರಲಿ. ಟಾರ್ಪಾಲಿಗೆ ಹೆಸರು ಬರೆಯಿರಿ, ಬ್ಯಾಟರಿಯ ನಂಬರು ಗುರುತು ಮಾಡಿಕೊಳ್ಳಿ.