ಮೊದಲ ಕಂಪ್ಯೂಟರ್ ಜೋಡಿಸುವ ಮುನ್ನ



ಡೆಸ್ಕ್‌ಟಾಪ್ ನಾವೇ ಜೋಡಿಸಬಹುದಾ ಅಂತ ಹತ್ತನೇ ಕ್ಲಾಸಿನ ಹುಡುಗರು ಬೆಳಿಗ್ಗೆ ಕೇಳಿದರು. ಜೋಡಿಸಬಹುದು. ನಾನು ಮಾಡಿದ ತಪ್ಪು ಮಾತ್ರ ಮಾಡಬೇಡಿ.

2011ರಲ್ಲಿ ಅಪ್ಪ ಹೊನ್ನಾಳಿಯಲ್ಲಿ ಮೆಕ್ಕೆಜೋಳ ಮಾರಿದ ದುಡ್ಡು ಕೊಟ್ಟರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸ ಐ3 ಪ್ರೊಸೆಸರ್ ಕೊಂಡೆ. ಉಳಿತಾಯವಾಗಲೆಂದು ಮದರ್‌ಬೋರ್ಡ್ ಹಳೆಯದು. ಬೋರ್ಡಿನ ಸಾಕೆಟ್ 1156, ಪ್ರೊಸೆಸರಿನದು 1155. ಒಂದು ಪಿನ್ನಿನ ವ್ಯತ್ಯಾಸಕ್ಕೆ ಏನಾದೀತು ಅಂದುಕೊಂಡೆ. ಅಂಚಿನ ಕಚ್ಚುಗಳೇ ಹೊಂದಲಿಲ್ಲ. ಒತ್ತಿದೆ, ಬೋರ್ಡಿನ ಪಿನ್ನುಗಳು ಬಾಗಿದವು. ಅಪ್ಪ ಬೈಯಲಿಲ್ಲ. "ಜೋಡಿ ನೋಡದೆ ಎತ್ತು ತರ್ತಾರೇನೋ?" ಅಂದರು, ಅಷ್ಟೆ.

ಅದಕ್ಕೇ ಮೊದಲು ಪ್ರೊಸೆಸರ್ ಆರಿಸಿ, ಅದರ ಸಾಕೆಟ್ ಬರೆದುಕೊಂಡು ಬೋರ್ಡ್ ಹುಡುಕಿ. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700. ಅದರ ಬೋರ್ಡುಗಳಲ್ಲಿ ಡಿಡಿಆರ್4, ಡಿಡಿಆರ್5 ಎರಡು ಬಗೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರದು. ಎಎಂಡಿಯ ಎಎಂ5 ಆದರೆ ಡಿಡಿಆರ್5 ಮಾತ್ರ.

ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಡ. ಆದರೆ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಇಲ್ಲದೆ ಪರದೆ ಕಪ್ಪಗೇ ಇರುತ್ತದೆ. ಉಳಿದ ದುಡ್ಡಿಗೆ ಒಳ್ಳೆಯ ಎಸ್‌ಎಂಪಿಎಸ್, ಒಂದು ಯುಪಿಎಸ್. ನಮ್ಮ ಕಡೆ ಕರೆಂಟಿನ ಪಾಡು ನಿಮಗೇ ಗೊತ್ತು.

ಪಟ್ಟಿ ಬರೆದವರು ದುಡ್ಡು ಕೊಡುವ ಮುನ್ನ ನನಗೊಮ್ಮೆ ತೋರಿಸಿ. ನಾಳೆ ಸಂಜೆಯವರೆಗೂ ಊರಲ್ಲೇ ಇರುತ್ತೇನೆ.